ಅಕ್ಕನ ಖಾತೆಯಿಂದ ಹೋದ 4,513 ರೂಪಾಯಿ 50 ಪೈಸೆ: ಒಂದು ಪ್ರಕರಣ ಅಧ್ಯಯನ

2024ರ ಫೆಬ್ರವರಿ. ರೊಬಸ್ಟಾ ಕಾಫಿಯ ಕುಯ್ಲು ಕೊನೆಗೆ ಬಂದಿತ್ತು. ಸಂಜೆ ಕಣದ ಪಕ್ಕ ಹಣ್ಣು ತೂಗಿಸಿ, ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆದುಕೊಳ್ಳುತ್ತಿದ್ದೆ. ತೂಕ ಮುಗಿದು ಎಲ್ಲರೂ ಲೈನಿನ, ಅಂದರೆ ಕೆಲಸದವರ ಸಾಲುಮನೆಗಳ, ಕಡೆ ಹೊರಟರು. ಒಬ್ಬ ಅಕ್ಕ ಮಾತ್ರ ನಿಂತೇ ಇದ್ದರು. ಎಲ್ಲರೂ ದೂರ ಹೋದ ಮೇಲೆ ಹತ್ತಿರ ಬಂದು ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್ ತೆಗೆದು ಕೊಟ್ಟರು.

"ರೈಟ್ರೇ, ಗೃಹಲಕ್ಷ್ಮಿ ದುಡ್ಡು ಲೈನಲ್ಲಿ ಎಲ್ಲರಿಗೂ ಪೂರ್ತಿ ಬರ್ತಿದೆ. ನನಗೆ ಮಾತ್ರ ಅರ್ಧಂಬರ್ಧ. ನನ್ನ ಕಾರ್ಡಲ್ಲಿ ಏನಾದ್ರೂ ತಪ್ಪಿದೆಯಾ ನೋಡ್ತೀರಾ?"

ತಪ್ಪು ತನ್ನದೇ ಇರಬೇಕು ಅಂತ ಅವರು ತಿಂಗಳುಗಟ್ಟಲೆ ಅಂದುಕೊಂಡಿದ್ದರು. ನನಗೆ ಅದೇ ಚುಚ್ಚಿತು. ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆದಿಡುತ್ತಿದ್ದೇನೆ. ಅಕ್ಕನ ಹೆಸರು, ಬ್ಯಾಂಕಿನ ಹೆಸರು ಎರಡನ್ನೂ ಬಿಟ್ಟಿದ್ದೇನೆ.

ನಾನು ಕೊಡಗಿನ ಸಿದ್ದಾಪುರಕ್ಕೂ ಅಮ್ಮತ್ತಿಗೂ ನಡುವೆ ಇರುವ ಒಂದು ಕಾಫಿ ತೋಟದಲ್ಲಿ ರೈಟರ್. ಹಾಜರಿ ಹಾಕುವುದು, ಚೆಕ್‌ರೋಲ್ ಬರೆಯುವುದು, ಕೂಲಿ ಲೆಕ್ಕ ಮಾಡುವುದು ನನ್ನ ಕೆಲಸ. ಬ್ಯಾಂಕಿನ ಕಾನೂನು ಓದಿದವನಲ್ಲ. ಈ ಒಂದು ಪಾಸ್‌ಬುಕ್ಕಿಗಾಗಿ ಕಲಿತದ್ದು.

ಖಾತೆಯ ಹಿಂದಿನ ಕಥೆ

ನೋಟು ರದ್ದಾದ ಮೇಲೆ ನಮ್ಮ ಕಡೆ ಎಷ್ಟೋ ತೋಟಗಳವರು ಕೂಲಿಯನ್ನು ಬ್ಯಾಂಕಿಗೆ ಹಾಕಲು ಶುರು ಮಾಡಿದರು. ಪಿರಿಯಾಪಟ್ಟಣದ ಕಡೆಯ ಈ ಅಕ್ಕ ಆಗ ಬೇರೆ ತೋಟದಲ್ಲಿದ್ದರು. ಅಲ್ಲಿನವರು ಲೈನಿನ ಎಲ್ಲರಿಗೂ ಒಂದೇ ದಿನ ಒಂದು ಖಾಸಗಿ ಬ್ಯಾಂಕಿನಲ್ಲಿ ಖಾತೆ ತೆರೆಸಿದರು. ಸಂಬಳದ ಖಾತೆ, ಝೀರೋ ಬ್ಯಾಲೆನ್ಸ್. ದುಡ್ಡು ಇಡಲೇಬೇಕು ಅನ್ನುವ ನಿಯಮ ಇರಲಿಲ್ಲ.

2022ರ ಆಗಸ್ಟಿನಲ್ಲಿ ಅಕ್ಕ ಆ ತೋಟ ಬಿಟ್ಟು ನಮ್ಮಲ್ಲಿಗೆ ಬಂದರು. ಇಲ್ಲಿ ವಾರದ ಕೂಲಿ ಕೈಗೇ ಕೊಡುತ್ತೇವೆ. ಹಳೆಯ ಖಾತೆಗೆ ಸಂಬಳ ಬರುವುದು ನಿಂತಿತು. ಮೂರು ತಿಂಗಳು ಸಂಬಳ ಬರದಿದ್ದರೆ ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡುವುದು ಆ ಬ್ಯಾಂಕಿನ ಪದ್ಧತಿ. ಮಾಮೂಲಿ ಖಾತೆಯಲ್ಲಿ ತಿಂಗಳ ಸರಾಸರಿ 2,500 ರೂಪಾಯಿ ಇರಬೇಕು. ಅಕ್ಕನ ಖಾತೆಯಲ್ಲಿ ಇದ್ದದ್ದು 340 ರೂಪಾಯಿ. ನವೆಂಬರಿನಿಂದ ದಂಡ ಬೀಳಲು ಶುರುವಾಯಿತು. ಅಕ್ಕನಿಗೆ ಇದು ಯಾವುದೂ ಗೊತ್ತಿಲ್ಲ. ಖಾತೆ ಮುಚ್ಚಿ ಹೋಗಿರಬೇಕು ಅಂತಲೇ ಅವರ ಲೆಕ್ಕ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆಗೆ ಚಾಲನೆ ಸಿಕ್ಕಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಈ ದುಡ್ಡು ಯಾವ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಅಲ್ಲಿಗೆ ತಾನಾಗಿ ಹೋಗುತ್ತದೆ. ಎರಡು ಮೂರು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಎಲ್ಲಿ ಜೋಡಿಸಿದ್ದೀರೋ ಅಲ್ಲಿಗೆ. ಅಕ್ಕನದು ಜೋಡಣೆ ಆಗಿದ್ದದ್ದು ಆ ಹಳೆಯ ಖಾತೆಗೆ.

ಪಾಸ್‌ಬುಕ್ ಪ್ರಿಂಟ್ ಆದಾಗ

ಅಕ್ಕ ಕೊಟ್ಟ ಪಾಸ್‌ಬುಕ್ಕಿನಲ್ಲಿ ಕೊನೆಯ ಎಂಟ್ರಿ 2022ರ ಜುಲೈದು. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಮೊದಲು ಪ್ರಿಂಟ್ ಹಾಕಿಸಬೇಕಿತ್ತು. ಕುಯ್ಲಿನ ಸಮಯದಲ್ಲಿ ಒಂದು ದಿನ ಹೋದರೆ ಒಂದು ದಿನದ ಕೂಲಿ ಹೋಯಿತು. ಆದರೂ ಒಂದು ಸೋಮವಾರ ಬೆಳಗ್ಗೆ ಬಸ್ಸಿಗೆ ಹೊರಟೆವು. ನಮ್ಮ ದಾರಿಯಲ್ಲಿ ಸಂಜೆಯಾದರೆ ಆನೆ ರಸ್ತೆ ದಾಟುತ್ತವೆ. ಹಾಗಾಗಿ ಮಧ್ಯಾಹ್ನದ ಬಸ್ಸಿಗೇ ವಾಪಸ್ ಬರಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು.

ಕೌಂಟರಿನ ಹುಡುಗಿ ಪಾಸ್‌ಬುಕ್ಕನ್ನು ಮಷಿನ್ನಿಗೆ ಹಾಕಿದಳು. ಒಂದು ಪುಟ ಮುಗಿಯಿತು, ಮಗುಚಿದಳು. ಇನ್ನೊಂದು ಪುಟ. ಅಕ್ಕ ನನ್ನ ಕಡೆ ನೋಡಿದರು. ಹೆಚ್ಚು ವಹಿವಾಟು ಮಾಡದ ಖಾತೆಗೆ ಇಷ್ಟು ಸಾಲು ಹೇಗೆ ಬಂತು ಅನ್ನುವುದು ಅವರಿಗೂ ಅರ್ಥವಾಗಿತ್ತು.

ಬೆಂಚಿನ ಮೇಲೆ ಕೂತು ನಾನು ಒಂದೊಂದೇ ಸಾಲು ಓದಿ, ಪೆನ್ಸಿಲಿನಲ್ಲಿ ಗುರುತು ಹಾಕಿದೆ. ದಂಡ ತಿಂಗಳಿಗೆ 250 ರೂಪಾಯಿ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 295. ಕೊರತೆ ಅರ್ಧಕ್ಕಿಂತ ಕಡಿಮೆ ಇದ್ದ ತಿಂಗಳು 150 ಮತ್ತು ಜಿಎಸ್‌ಟಿ, ಒಟ್ಟು 177. ನವೆಂಬರಿನ 295 ಕಳೆದಾಗ 45 ರೂಪಾಯಿ ಉಳಿದಿತ್ತು. ಡಿಸೆಂಬರಿನಲ್ಲಿ ಆ 45 ಕೂಡ ಹೋಯಿತು. ಅಲ್ಲಿಂದ ಮುಂದೆ ಖಾತೆಯಲ್ಲಿ ಸೊನ್ನೆ. ಆದರೆ ದಂಡ ನಿಲ್ಲಲಿಲ್ಲ. ಪ್ರತಿ ತಿಂಗಳದ್ದೂ ಬಾಕಿ ಅಂತ ಬರೆದಿಟ್ಟುಕೊಂಡು, ದುಡ್ಡು ಬಂದ ಕೂಡಲೇ ಹಿಡಿದುಕೊಳ್ಳುವ ಹಾಗೆ ಮಾಡಿದ್ದರು. ಬ್ಯಾಂಕಿನವರು ಇದಕ್ಕೆ ಹೋಲ್ಡ್ ಅನ್ನುತ್ತಾರೆ.

2023ರ ಸೆಪ್ಟೆಂಬರಿನಲ್ಲಿ ಗೃಹಲಕ್ಷ್ಮಿಯ ಮೊದಲ 2,000 ಬಂತು. ಅದೇ ದಿನ, ಕೆಳಗಿನ ಸಾಲಿನಲ್ಲೇ, 2,000 ಹೋಯಿತು. ಬ್ಯಾಲೆನ್ಸ್ ಸೊನ್ನೆ. ಅಕ್ಟೋಬರಿನ ಕಂತಿನಲ್ಲಿ 1,211 ರೂಪಾಯಿ 80 ಪೈಸೆ ಹೋಗಿ 788 ರೂಪಾಯಿ 20 ಪೈಸೆ ಉಳಿಯಿತು. ಅಕ್ಕ ಎಟಿಎಂನಿಂದ ತೆಗೆದ 700 ರೂಪಾಯಿ ಅದೇ. ಸರ್ಕಾರ ಕೊಡುವುದೇ ಅಷ್ಟಿರಬೇಕು ಅಂದುಕೊಂಡರಂತೆ.

ಒಟ್ಟು ಲೆಕ್ಕ ಹೀಗಿತ್ತು. 2022ರ ನವೆಂಬರಿನಿಂದ 2024ರ ಜನವರಿವರೆಗೆ 15 ತಿಂಗಳ ಕನಿಷ್ಠ ಬ್ಯಾಲೆನ್ಸ್ ದಂಡ 4,189 ರೂಪಾಯಿ. ಎಸ್‌ಎಂಎಸ್ ಶುಲ್ಕ ಮೂರು ತಿಂಗಳಿಗೊಮ್ಮೆ 17 ರೂಪಾಯಿ 70 ಪೈಸೆಯಂತೆ ಐದು ಸಲ, 88 ರೂಪಾಯಿ 50 ಪೈಸೆ. ಎಟಿಎಂ ಕಾರ್ಡಿನ ವರ್ಷದ ಶುಲ್ಕ 236. ಎಲ್ಲ ಸೇರಿ 4,513 ರೂಪಾಯಿ 50 ಪೈಸೆ. ಬಂದ ಐದು ಕಂತಿನಲ್ಲಿ ಎರಡು ಕಂತಿಗಿಂತ ಜಾಸ್ತಿ ಬ್ಯಾಂಕಿನಲ್ಲೇ ಉಳಿದಿತ್ತು.

ಅಲ್ಲಿದ್ದ ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ಅದನ್ನು ಹೇಳಲೇಬೇಕು. "ನಾವು ಕಟ್ ಮಾಡೋದಲ್ಲ, ಸಿಸ್ಟಮ್ಮೇ ಕಟ್ ಮಾಡುತ್ತೆ. ಎರಡು ತಿಂಗಳದ್ದು 590 ರೂಪಾಯಿ ವಾಪಸ್ ಹಾಕಿಸಬಹುದು, ಅದಕ್ಕಿಂತ ನನ್ನ ಕೈಲಿಲ್ಲ" ಅಂದರು. ಅಕ್ಕ ತಲೆಯಾಡಿಸಿಬಿಟ್ಟಿದ್ದರು. ಕೇಳದೆ ಹೋಗಿದ್ದರೆ ಅದೂ ಇಲ್ಲ, ಬಂದಷ್ಟು ಬರಲಿ ಅನ್ನುವ ಮನಸ್ಸು. ನಾನೇ ತಡೆದು, ಬರೆದು ಕೊಡುತ್ತೇವೆ ಸಾರ್ ಅಂದೆ.

ನಿಯಮ ಏನು ಹೇಳುತ್ತದೆ

ಕನಿಷ್ಠ ಬ್ಯಾಲೆನ್ಸ್ ಇಡದಿದ್ದರೆ ದಂಡ ಹಾಕುವುದು ಕಾನೂನಿಗೆ ವಿರುದ್ಧವಲ್ಲ. ಸ್ಟೇಟ್ ಬ್ಯಾಂಕ್ 2020ರ ಮಾರ್ಚಿನಲ್ಲಿ ಆ ದಂಡವನ್ನು ಕೈಬಿಟ್ಟಿತು. ಆದರೆ ಎಲ್ಲ ಬ್ಯಾಂಕೂ ಬಿಡಬೇಕು ಅಂತ ಇಲ್ಲ. ಹಾಗಾಗಿ 'ಬಡವರ ಹತ್ತಿರ ದಂಡ ಯಾಕೆ ತಗೊಂಡ್ರಿ' ಅಂತ ಜಗಳ ಆಡಿದರೆ ನ್ಯಾಯ ನಮ್ಮ ಕಡೆ ಇದ್ದರೂ ದುಡ್ಡು ಬರುವುದಿಲ್ಲ. ದಂಡ ಹಾಕಿದ ರೀತಿ ಸರಿಯಿತ್ತಾ ಅನ್ನುವುದನ್ನು ಕೇಳಬೇಕು.

ಇದಕ್ಕೆ ರಿಸರ್ವ್ ಬ್ಯಾಂಕ್ 2014ರ ನವೆಂಬರ್ 20ರಂದು ಒಂದು ಸುತ್ತೋಲೆ ಕಳಿಸಿದೆ. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ, ಬ್ಯಾಲೆನ್ಸ್ ಕಡಿಮೆ ಆದರೆ ಬ್ಯಾಂಕು ಮೊದಲು ಗ್ರಾಹಕರಿಗೆ ಎಸ್‌ಎಂಎಸ್, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ತಿಳಿಸಿದ ದಿನದಿಂದ ಕಡಿಮೆ ಅಂದರೂ ಒಂದು ತಿಂಗಳು ಸಮಯ ಕೊಡಬೇಕು. ಆಮೇಲೂ ತುಂಬದಿದ್ದರೆ ಮಾತ್ರ ದಂಡ, ಅದನ್ನೂ ತಿಳಿಸಿಯೇ ತೆಗೆಯಬೇಕು. ದಂಡ ಕೊರತೆಗೆ ತಕ್ಕಷ್ಟೇ ಇರಬೇಕು. ಈ ದಂಡ ಒಂದರಿಂದಲೇ ಖಾತೆ ಮೈನಸ್‌ಗೆ ಹೋಗಬಾರದು.

ಆ ಕೊನೆಯ ಮಾತನ್ನು ನಾನು ತುಂಬ ಸಲ ಓದಿದೆ. ಅಕ್ಕನ ಖಾತೆ ಕಾಗದದ ಮೇಲೆ ಮೈನಸ್ ಆಗಿರಲಿಲ್ಲ, ಸೊನ್ನೆ ಇತ್ತು. ಆದರೆ ಬದಿಯಲ್ಲಿ ಬಾಕಿ ಬೆಳೆಸುತ್ತಾ ಹೋಗಿ, ಕಂತು ಬಂದ ದಿನ ಅಷ್ಟನ್ನೂ ಎಳೆದುಕೊಂಡರೆ ಮೈನಸ್ ಮಾಡಿದ ಹಾಗೇ ಆಯಿತು, ಅಲ್ವಾ? ನನ್ನ ವಾದ ಇದು.

ಎಸ್‌ಎಂಎಸ್ ಶುಲ್ಕಕ್ಕೂ 2013ರ ನವೆಂಬರಿನ ಒಂದು ಸುತ್ತೋಲೆ ಇತ್ತು. ಎಷ್ಟು ಎಸ್‌ಎಂಎಸ್ ಕಳಿಸಿದರೋ ಅಷ್ಟಕ್ಕೆ ಮಾತ್ರ ಶುಲ್ಕ ಅಂತ. ಅಕ್ಕನ ಫೋನಿಗೆ ಒಂದೂ ಬಂದಿರಲಿಲ್ಲ.

ಕಾರ್ಡಿನ 236 ರೂಪಾಯಿಯನ್ನು ನಾವು ಕೇಳಲಿಲ್ಲ. ಕಾರ್ಡನ್ನು ಅಕ್ಕ ಬಳಸಿದ್ದರು. ಕೇಳಬಾರದ್ದನ್ನೂ ಪಟ್ಟಿಗೆ ಸೇರಿಸಿದರೆ ಕೇಳಬೇಕಾದ್ದರ ತೂಕ ಕಡಿಮೆಯಾಗುತ್ತದೆ. ಹಾಗಾಗಿ ನಮ್ಮ ಬೇಡಿಕೆ 4,277 ರೂಪಾಯಿ 50 ಪೈಸೆಗೆ ನಿಂತಿತು.

ಎಸ್‌ಎಂಎಸ್ ಹೋಗಿದ್ದು ಎಲ್ಲಿಗೆ?

ಪತ್ರ ಬರೆಯುವ ಮೊದಲು ಅಕ್ಕನ ಖಾತೆಗೆ ಯಾವ ಮೊಬೈಲ್ ನಂಬರ್ ಇದೆ ಅಂತ ಶಾಖೆಯಲ್ಲಿ ಕೇಳಿದೆವು. ಕೊನೆಯ ನಾಲ್ಕು ಅಂಕಿ ಹೇಳಿದರು. ಅಕ್ಕನದಲ್ಲ. ಗಂಡನದಲ್ಲ, ಮಗಳದಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅಕ್ಕನೇ ಹೇಳಿದರು: "ಅದು ಹಳೇ ತೋಟದ ರೈಟರ್ದು ಇರಬೇಕು. ಅವತ್ತು ಫಾರಂ ಎಲ್ಲ ಅವರೇ ತುಂಬಿದ್ದು."

ನನಗೆ ಮಾತೇ ಹೊರಡಲಿಲ್ಲ. ಅದು ನಮ್ಮ ಕಡೆ ನಡೆಯುತ್ತಾ ಬಂದದ್ದೇ. ಲೈನಿನಲ್ಲಿ ಹತ್ತು ಜನಕ್ಕೆ ಖಾತೆ ತೆರೆಸುವಾಗ ಆರು ಜನರ ಹತ್ತಿರ ಫೋನ್ ಇರುವುದಿಲ್ಲ. ಇದ್ದರೂ ಸಿಮ್ ಬದಲಾಗುತ್ತಿರುತ್ತದೆ. ಫಾರಂನಲ್ಲಿ ನಂಬರ್ ಕಡ್ಡಾಯ. ರೈಟರ್ ತನ್ನದನ್ನೇ ಬರೆದುಬಿಡುತ್ತಾನೆ. ಆ ಹೊತ್ತಿಗೆ ಅದು ಉಪಕಾರ ಅಂತಲೇ ಅನಿಸುತ್ತದೆ. ನಾನೂ ಹಾಗೆ ಬರೆದಿದ್ದೇನೆ. ಅಕ್ಕನಿಗೆ ಬರಬೇಕಿದ್ದ ಎಚ್ಚರಿಕೆಯೆಲ್ಲ ಬೇರೆ ತೋಟದ ಒಬ್ಬ ರೈಟರ್ ಫೋನಿಗೆ ಹೋಗಿ, ಅವರು ಯಾರದೋ ಏನೋ ಅಂತ ಅಳಿಸಿರಬಹುದು.

ಅವತ್ತೇ ನಂಬರ್ ಬದಲಾಯಿಸುವ ಫಾರಂ ತುಂಬಿ ಮಗಳ ನಂಬರ್ ಹಾಕಿಸಿದೆವು. ಹಾಗೇ ಇನ್ನೊಂದು ಅರ್ಜಿ ಕೊಟ್ಟೆವು: ಈ ಖಾತೆಯನ್ನು ಬೇಸಿಕ್ ಉಳಿತಾಯ ಖಾತೆಯಾಗಿ ಬದಲಾಯಿಸಿ ಅಂತ. ಕನಿಷ್ಠ ಬ್ಯಾಲೆನ್ಸ್ ಬೇಡದ, ಎಟಿಎಂ ಕಾರ್ಡು ಉಚಿತವಾಗಿ ಸಿಗುವ ಖಾತೆ ಇದು. ತಿಂಗಳಿಗೆ ನಾಲ್ಕು ಸಲ ಉಚಿತವಾಗಿ ದುಡ್ಡು ತೆಗೆಯಬಹುದು. ಯಾರು ಕೇಳಿದರೂ ಬ್ಯಾಂಕು ಕೊಡಬೇಕು ಅಂತ 2012ರಿಂದಲೇ ರಿಸರ್ವ್ ಬ್ಯಾಂಕಿನ ಆದೇಶ ಇದೆ. ಬೇರೆ ಬ್ಯಾಂಕಿಗೆ ಹೋಗುವುದಕ್ಕಿಂತ ಇದೇ ಖಾತೆಯನ್ನು ಬದಲಾಯಿಸಿದರೆ ಆಧಾರ್ ಜೋಡಣೆ ಹಾಗೇ ಇರುತ್ತದೆ, ಮುಂದಿನ ಕಂತು ತಪ್ಪುವುದಿಲ್ಲ ಅನ್ನುವುದು ನನ್ನ ಲೆಕ್ಕವಾಗಿತ್ತು. ಕೌಂಟರಿನಲ್ಲಿ 'ಆ ತರದ ಖಾತೆ ಇಲ್ಲಿ ಇಲ್ಲ' ಅಂದರು. ಸುತ್ತೋಲೆಯ ಹೆಸರು ಹೇಳಿದ ಮೇಲೆ ಒಳಗೆ ಹೋಗಿ ಕೇಳಿಕೊಂಡು ಬಂದು ಅರ್ಜಿ ತೆಗೆದುಕೊಂಡರು. ದಂಡ ಬೀಳುವುದು ಅಲ್ಲಿಗೆ ನಿಂತಿತು. ಹೋದದ್ದನ್ನು ವಾಪಸ್ ತರುವುದಕ್ಕಿಂತ ಮೊದಲು ಇದು ಆಗಬೇಕಿತ್ತು.

ಪತ್ರ

ಮಾರ್ಚ್ ಮೊದಲ ವಾರ ಪತ್ರ ಬರೆದೆ. ಒಂದೇ ಪುಟ, ಕನ್ನಡದಲ್ಲಿ. ಅಕ್ಕನ ಕಷ್ಟದ ಬಗ್ಗೆ ಮೊದಲು ಅರ್ಧ ಪುಟ ಬರೆದಿದ್ದೆ. ಆಮೇಲೆ ತೆಗೆದೆ. ಉಳಿದದ್ದು ಲೆಕ್ಕ ಮತ್ತು ಎರಡು ಪ್ರಶ್ನೆ:

"2022ರ ನವೆಂಬರ್ ತಿಂಗಳ ಶುಲ್ಕ ತೆಗೆಯುವ ಮೊದಲು ನನಗೆ ತಿಳುವಳಿಕೆ ಕಳಿಸಿದ ದಿನಾಂಕ ಯಾವುದು, ಹೇಗೆ ಕಳಿಸಿದಿರಿ? ತಿಳಿಸಿದ ದಿನದಿಂದ ಒಂದು ತಿಂಗಳ ಸಮಯ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಅದರ ದಾಖಲೆ ಕೊಡಿ. ಇಲ್ಲದಿದ್ದರೆ ಶುಲ್ಕವನ್ನು ಅದರ ಮೇಲಿನ ಜಿಎಸ್‌ಟಿ ಸಮೇತ ನನ್ನ ಖಾತೆಗೆ ವಾಪಸ್ ಹಾಕಿ."

ಕೆಳಗೆ ಅಕ್ಕನ ಸಹಿ. ಅವರು ಹೆಬ್ಬೆಟ್ಟು ಒತ್ತುವವರಲ್ಲ, ನಿಧಾನಕ್ಕೆ ಒಂದೊಂದೇ ಅಕ್ಷರ ಜೋಡಿಸಿ ಸಹಿ ಮಾಡುತ್ತಾರೆ. ಪಾಸ್‌ಬುಕ್ಕಿನ ಜೆರಾಕ್ಸಿನಲ್ಲಿ ದಂಡದ ಸಾಲುಗಳಿಗೆಲ್ಲ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಜೊತೆಗಿಟ್ಟೆವು. ಶಾಖೆಯಲ್ಲಿ ಪತ್ರ ತೆಗೆದುಕೊಂಡರು, ನಮ್ಮ ಪ್ರತಿಗೆ ಸೀಲು ಹಾಕಲು ಹಿಂದೆ ಮುಂದೆ ನೋಡಿದರು. ಸುಮ್ನೆ ವಾದ ಮಾಡದೆ ಇನ್ನೊಂದು ಪ್ರತಿಯನ್ನು ಪೋಸ್ಟ್ ಆಫೀಸಿಗೆ ಹೋಗಿ ರಿಜಿಸ್ಟರ್ ಮಾಡಿಸಿದೆ. ಆ ರಸೀದಿಯೇ ಮುಂದೆ ನಮ್ಮ ಕೈ ಹಿಡಿಯಿತು.

26ನೇ ದಿನಕ್ಕೆ ಉತ್ತರ ಬಂತು. ಎಸ್‌ಎಂಎಸ್‌ಗಳನ್ನು ನೋಂದಾಯಿತ ನಂಬರಿಗೆ ಕಳಿಸಲಾಗಿದೆ, ಶುಲ್ಕ ನಿಯಮದಂತೆಯೇ ಇದೆ, ಆದರೂ ಒಳ್ಳೆಯ ಭಾವನೆಯಿಂದ ನಾಲ್ಕು ತಿಂಗಳ ಶುಲ್ಕ 1,180 ರೂಪಾಯಿ ವಾಪಸ್ ಹಾಕಿದ್ದೇವೆ ಅಂತ. ದಿನಾಂಕ ಕೇಳಿದ್ದೆವು, ದಿನಾಂಕ ಇರಲಿಲ್ಲ. ದಾಖಲೆ ಕೇಳಿದ್ದೆವು, ದಾಖಲೆಯೂ ಇಲ್ಲ. ಆ ಉತ್ತರ ಓದಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ಇವರ ಹತ್ತಿರ ತೋರಿಸಲು ಏನೂ ಇಲ್ಲ ಅನಿಸಿತು.

ಒಂಬುಡ್ಸ್‌ಮನ್‌ಗೆ ದೂರು

ಬ್ಯಾಂಕಿನ ಉತ್ತರ ಸಮಾಧಾನ ತರದಿದ್ದರೆ, ಅಥವಾ 30 ದಿನ ಕಳೆದರೂ ಉತ್ತರವೇ ಬರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿಗೆ, ದೂರು ಕೊಡಬಹುದು. ನಾವು ದೂರು ಕೊಟ್ಟಾಗ, 2021ರ ನವೆಂಬರ್ 12ರಂದು ಶುರುವಾದ ಒಂದೇ ಯೋಜನೆಯಡಿ ಬೇರೆ ಬೇರೆ ಬ್ಯಾಂಕುಗಳ ದೂರೂ ಒಂದೇ ಕಡೆ ಹೋಗುತ್ತಿತ್ತು. ಶುಲ್ಕ ಇಲ್ಲ, ವಕೀಲರು ಬೇಡ. ಆಗಿನ ನಿಯಮದಂತೆ ಬ್ಯಾಂಕಿನ ಉತ್ತರ ಬಂದ ಒಂದು ವರ್ಷದ ಒಳಗೆ ಕೊಡಬೇಕಿತ್ತು. ಆನ್‌ಲೈನಿನಲ್ಲಿ ಕೊಡಬಹುದು, ಇಲ್ಲ ಅಂದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಪತ್ರ ಯಾವ ಭಾಷೆಯಲ್ಲಿದ್ದರೂ ತೆಗೆದುಕೊಳ್ಳುತ್ತಾರೆ. ಸಂಶಯ ಇದ್ದರೆ 14448ಕ್ಕೆ ಫೋನ್ ಮಾಡಬಹುದು.

ಮೊದಲು ಬ್ಯಾಂಕಿಗೆ ಬರೆದು ಕೊಡದೆ ನೇರ ಇಲ್ಲಿಗೆ ಹೋದರೆ ದೂರು ಅಲ್ಲೇ ಮುಚ್ಚಿ ಹೋಗುತ್ತದೆ. ಎಷ್ಟೋ ಜನ ಎಡವುವುದು ಇಲ್ಲೇ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಏಪ್ರಿಲ್‌ನ ಒಂದು ರಾತ್ರಿ ನಾವು ಆನ್‌ಲೈನಿನಲ್ಲಿ ತುಂಬಿದೆವು. ನಮ್ಮ ಲೈನಿನಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಕಣದ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಎರಡು ಕಡ್ಡಿ ಬರುತ್ತದೆ. ಅಕ್ಕನ ಮಗಳು ಟಾರ್ಚ್ ಹಿಡಿದುಕೊಂಡಳು. ಒಟಿಪಿ ಅವಳ ಫೋನಿಗೆ ಬಂತು. ಬ್ಯಾಂಕಿಗೆ ಪತ್ರ ಕೊಟ್ಟ ದಿನಾಂಕ ಕೇಳಿತು, ರಿಜಿಸ್ಟರ್ ರಸೀದಿಯ ಫೋಟೋ ಹಾಕಿದೆವು. ಬ್ಯಾಂಕಿನ ಉತ್ತರ, ಪಾಸ್‌ಬುಕ್ ಪುಟಗಳು, ಅದೇ ಎರಡು ಪ್ರಶ್ನೆ. ಮೂರನೆಯದಾಗಿ ಹೋಲ್ಡ್ ವಿಷಯ ಸೇರಿಸಿದೆ. ದೂರಿನ ನಂಬರ್ ಬಂದಾಗ ರಾತ್ರಿ ಒಂಬತ್ತೂವರೆ. ಮಗಳು ಅದನ್ನು ತನ್ನ ಶಾಲೆಯ ನೋಟ್ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡಳು.

ಆಮೇಲೆ ಕಾಯುವುದು. ಮೇ ಹೋಯಿತು, ಜೂನ್‌ನಲ್ಲಿ ಮಳೆ ಹಿಡಿಯಿತು. ನಡುವೆ ಒಂದು ಸಲ ಬ್ಯಾಂಕಿನ ಬೇರೆ ಕಚೇರಿಯಿಂದ ಫೋನ್ ಬಂತು. ದೂರು ವಾಪಸ್ ತೆಗೆದುಕೊಂಡರೆ ಇನ್ನೂ ಸ್ವಲ್ಪ ಹಾಕಿಸುತ್ತೇವೆ ಅಂದರು. ಎಷ್ಟು, ಯಾವ ತಿಂಗಳದ್ದು ಅಂತ ಬರೆದು ಕಳಿಸಿ ಅಂದೆ. ಕಳಿಸಲಿಲ್ಲ.

ಸಿಕ್ಕಿದ್ದು, ಸಿಗದೇ ಹೋದದ್ದು

ಜುಲೈಯಲ್ಲಿ ಮಗಳ ಫೋನಿಗೆ ಎಸ್‌ಎಂಎಸ್ ಬಂತು. 1,858 ರೂಪಾಯಿ 50 ಪೈಸೆ ಜಮೆ. ಮೊದಲಿನ 1,180 ಸೇರಿಸಿದರೆ 3,038 ರೂಪಾಯಿ 50 ಪೈಸೆ.

ಒಂಬುಡ್ಸ್‌ಮನ್ ಕಚೇರಿಗೆ ಬ್ಯಾಂಕು ಕೊಟ್ಟ ಉತ್ತರದ ಪ್ರತಿ ಬಂದಾಗ ಯಾಕೆ ಹೀಗೆ ಅಂತ ತಿಳಿಯಿತು. ಎಸ್‌ಎಂಎಸ್ ಕಳಿಸಿದ ದಾಖಲೆ ಅವರ ಹತ್ತಿರ ಇದ್ದದ್ದು 2023ರ ಸೆಪ್ಟೆಂಬರಿನಿಂದ ಮಾತ್ರ. ಅದಕ್ಕೆ ಹಿಂದಿನ ಹತ್ತು ತಿಂಗಳಿಗೆ ಏನೂ ಇರಲಿಲ್ಲ. ಆ ಹತ್ತು ತಿಂಗಳ 2,950 ರೂಪಾಯಿ, ಜೊತೆಗೆ ಎಸ್‌ಎಂಎಸ್ ಶುಲ್ಕದ 88 ರೂಪಾಯಿ 50 ಪೈಸೆ ಪೂರ್ತಿ ವಾಪಸ್ ಕೊಟ್ಟರು. ಸೆಪ್ಟೆಂಬರಿನಿಂದ ಜನವರಿವರೆಗಿನ 1,239 ರೂಪಾಯಿ ಕೊಡಲಿಲ್ಲ. ನಂಬರ್ ಬದಲಾದರೆ ತಿಳಿಸುವುದು ಗ್ರಾಹಕರ ಹೊಣೆ, ನಾವು ಫಾರಂನಲ್ಲಿದ್ದ ನಂಬರಿಗೆ ಕಳಿಸಿದ್ದೇವೆ ಅಂದರು. ಹೋಲ್ಡ್ ಬಗ್ಗೆ ಕೇಳಿದ್ದಕ್ಕೆ ಬ್ಯಾಂಕು ಒಂದು ಸಾಲೂ ಬರೆಯಲಿಲ್ಲ. ದೂರು ಅಲ್ಲಿಗೆ ಮುಗಿಯಿತು.

ಉಳಿದ 1,239ಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದಿತ್ತು. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ. ನಾನು ಹೋಗೋಣ ಅಂದೆ. ಹೋಲ್ಡ್ ಮಾಡಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನಿಸುತ್ತದೆ, ಅದರ ಬಗ್ಗೆ ಯಾರಾದರೂ ಒಂದು ಉತ್ತರ ಕೊಡಲಿ ಅಂತ ಆಸೆ ಇತ್ತು. ಅಕ್ಕ ಬೇಡ ಅಂದರು. "ಈ ಮಳೇಲಿ ಮಡಿಕೇರಿಗೆ ಎಷ್ಟು ಸಲ ಹೋಗೋದು ರೈಟ್ರೇ? ಹೋದ ದಿನದ ಕೂಲಿ ಯಾರು ಕೊಡ್ತಾರೆ? ಬಂದಿದ್ದು ಸಾಕು." ದುಡ್ಡು ಅವರದು, ದಿನವೂ ಅವರದು. ನಾನು ಮುಂದೆ ಮಾತಾಡಲಿಲ್ಲ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹಳೆಯ ಖಾತೆ ಮರೆತವರು ನಮ್ಮ ಕಡೆ ತುಂಬ ಜನ ಇದ್ದಾರೆ. ಎರಡು ವರ್ಷ ಗ್ರಾಹಕರಿಂದ ಯಾವ ವಹಿವಾಟೂ ನಡೆಯದಿದ್ದರೆ ಖಾತೆ ನಿಷ್ಕ್ರಿಯ ಅಂತ ಆಗುತ್ತದೆ. ಅಂಥ ಖಾತೆಗೆ ಕನಿಷ್ಠ ಬ್ಯಾಲೆನ್ಸ್ ದಂಡ ಹಾಕುವಂತಿಲ್ಲ, ಮತ್ತೆ ಚಾಲೂ ಮಾಡಲು ಶುಲ್ಕ ಕೇಳುವಂತಿಲ್ಲ. 2024ರ ಏಪ್ರಿಲ್ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕಿನ ಸೂಚನೆಗಳಲ್ಲಿ ಇದು ಸ್ಪಷ್ಟವಾಗಿದೆ. ಅಕ್ಕನ ಖಾತೆಗೆ ಎರಡು ವರ್ಷ ತುಂಬಿರಲಿಲ್ಲ, ಅದಕ್ಕೇ ನಮಗೆ ಅದು ಉಪಯೋಗಕ್ಕೆ ಬರಲಿಲ್ಲ.

ಆ ಜುಲೈಯಲ್ಲೇ, ಮಳೆಗೆ ಕೆಲಸ ನಿಂತ ಒಂದು ವಾರ, ಆಫೀಸಿನಲ್ಲಿ ಕೂತು ನಮ್ಮ ತೋಟದ ಪಾಸ್‌ಬುಕ್ಕುಗಳನ್ನೆಲ್ಲ ತರಿಸಿಕೊಂಡೆ. 34 ಇತ್ತು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದೆ. 11 ಖಾತೆಗೆ ಅವರದಲ್ಲದ ನಂಬರ್ ಇತ್ತು. ಅದರಲ್ಲಿ ನಾಲ್ಕು ನನ್ನದು. ಉಳಿದವು ನನಗಿಂತ ಹಿಂದೆ ಇದ್ದ ರೈಟರ್‌ದು, ಅವರು ಊರು ಬಿಟ್ಟು ಎಷ್ಟೋ ಕಾಲವಾಯಿತು. ನನ್ನ ನಂಬರಿದ್ದ ನಾಲ್ಕನ್ನು ಮೊದಲು ಬದಲಾಯಿಸಿದೆ. ಬಸ್ಸಿನ ದುಡ್ಡು ತೋಟದಿಂದ ಕೊಡಿಸಿ ಇನ್ನೂ ನಾಲ್ವರನ್ನು ಬ್ಯಾಂಕಿಗೆ ಕರೆದುಕೊಂಡು ಹೋದೆ. ಒಬ್ಬರ ಖಾತೆಯಲ್ಲಿ ಇದೇ ತರದ ದಂಡ ಸಿಕ್ಕಿತು, ಆರು ತಿಂಗಳದ್ದು. ಅವರ ಪತ್ರ ಹೋಗಿದೆ. ಇನ್ನು ಮೂವರದ್ದು ಬಾಕಿ. ಅವರು ಊರಿಗೆ ಹೋಗಿದ್ದಾರೆ, ಕುಯ್ಲಿಗೆ ಬರುತ್ತಾರೆ.